ಮಾರಿಷಸ್ಸಿನಲ್ಲಿ ಒಂದು ಕರ್ಮಣಿ ಪ್ರಯೋಗ

ಉಪ್ಪಾರಹಳ್ಳಿ

ತುಮಕೂರಿನ ಉಪ್ಪಾರಹಳ್ಳಿಯ ನನ್ನ ಮನೆಗೆ ಹನ್ನೊಂದು ಗಂಟೆಗೆ ಟಪಾಲು ಬರುವ ಹೊತ್ತಿಗೆ ನನ್ನ ದಿನದ ಅರ್ಧ ಕೆಲಸ ಮುಗಿದಿರುತ್ತದೆ. ನಿವೃತ್ತನಾದ ಮೇಲೂ ನಾಲ್ಕೂವರೆಗೆ ಏಳುವುದನ್ನು ನಾನು ಬಿಟ್ಟಿಲ್ಲ. ತಣ್ಣೀರು ಸ್ನಾನ, ಆರಕ್ಕೆ ಸರಿಯಾಗಿ ಶಿರಾ ಗೇಟಿನವರೆಗೆ ನಡಿಗೆ, ಏಳೂಕಾಲಿಗೆ ಕಾಫಿ. ಅಂಥ ಒಂದು ದಿನ ಹನ್ನೊಂದು ಗಂಟೆಗೆ ನಂಜಪ್ಪನ ಕಾಗದ ಬಂತು.

‘ವೆಂಕ, ಪುಸ್ತಕ ಬರೆದಿದ್ದೀನಿ. ಇಲ್ಲಿನವರ ಕ್ರಿಯೋಲ್ ಭಾಷೆಯಲ್ಲಿ ಕರ್ಮಣಿ ಪ್ರಯೋಗ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಅಂತ. ನಮ್ಮೂರವರು ಓದಲಿ ಅಂತ ಕನ್ನಡದಲ್ಲೇ ಬರೆದೆ, ಆದರೆ ನನ್ನ ಕನ್ನಡಕ್ಕೆ ತುಕ್ಕು ಹಿಡಿದಿದೆ. ನೀನು ಬಂದು ತಿದ್ದಿಕೊಡಬೇಕು. ಹಡಗಿನ ಟಿಕೆಟ್ಟು ಇದರ ಜೊತೆಗಿದೆ.’

ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಮಧ್ಯಾಹ್ನ ಊಟ ಸೇರಲಿಲ್ಲ.

ನಂಜಪ್ಪ ಗುಬ್ಬಿಯವನು, ನಾನು ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಡೆಯವನು. ತುಮಕೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ನಾನು ನಾಲ್ಕೂವರೆಗೆ ಎದ್ದು ಓದುತ್ತಿದ್ದೆ. ಅವನು ಏಳಕ್ಕೆ ಎದ್ದು, ನನ್ನ ಟಿಪ್ಪಣಿ ಓದಿ, ನನಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದ. ಆಮೇಲೆ ಗುಬ್ಬಿಯ ಒಂದೇ ಶಾಲೆಯಲ್ಲಿ ಇಬ್ಬರೂ ಮೇಷ್ಟ್ರಾದೆವು. ಐವತ್ತರ ದಶಕದಲ್ಲಿ ಅವನು ಹಿಂದಿ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ, ಹಿಂದಿ ಕಲಿಸಲು ಮಾರಿಷಸ್ಸಿಗೆ ಹೋದ. ನಾನು ಕನ್ನಡ ವ್ಯಾಕರಣ ಕಲಿಸಲು ಕುಣಿಗಲ್ಲಿಗೆ ಹೋದೆ.

ಕರ್ಮಣಿ ಪ್ರಯೋಗವೆಂದರೆ ನನ್ನ ಸ್ವತ್ತು ಎಂಬ ಭಾವನೆ ನನಗಿತ್ತು. ‘ರಾಮನು ಹಾವನ್ನು ಹೊಡೆದನು’ ಎಂಬುದನ್ನು ‘ರಾಮನಿಂದ ಹಾವು ಹೊಡೆಯಲ್ಪಟ್ಟಿತು’ ಎಂದು ತಿರುಗಿಸುವುದು. ಗುಬ್ಬಿ, ಕುಣಿಗಲ್, ತುಮಕೂರು, ಮೂರು ಊರುಗಳಲ್ಲೂ ಎಷ್ಟು ಹಾವುಗಳನ್ನು ಹೀಗೆ ಹೊಡೆಸಿದ್ದೇನೋ ಲೆಕ್ಕವಿಲ್ಲ. ನನ್ನ ಹತ್ತಿರ ವರ್ಷವಾರು ಬೈಂಡು ಮಾಡಿಸಿದ ಪಾಠದ ಟಿಪ್ಪಣಿಗಳಿವೆ. ಪುಸ್ತಕ ಮಾತ್ರ ಇಲ್ಲ. ಏಳು ಗಂಟೆಗೆ ಏಳುವವನ ಹತ್ತಿರ ಪುಸ್ತಕವಿದೆ.

ಹೋದೆ. ತಿದ್ದಲಿಕ್ಕೆ ಹೋದೆ ಎಂದು ಎಲ್ಲರಿಗೂ ಹೇಳಿದೆ. ತಪ್ಪು ಹುಡುಕಲಿಕ್ಕೆ ಹೋಗುತ್ತಿದ್ದೆ.

ಹಡಗು

ಮುಂಬಯಿಯಲ್ಲಿ ಹಡಗು ಹತ್ತಿದ ಮೇಲೆ ಮೊದಲ ಎರಡು ದಿನ ನಾನು ಕಂಡದ್ದು ಒಂದು ಬಕೆಟ್ಟನ್ನು ಮಾತ್ರ. ಮೂರನೆಯ ದಿನ ತಲೆ ಎತ್ತಿದಾಗ, ಊಟದ ಕೋಣೆಯ ಗೋಡೆ ಗಡಿಯಾರವನ್ನು ಒಬ್ಬ ನೌಕರ ಅರ್ಧ ಗಂಟೆ ಹಿಂದಕ್ಕೆ ತಿರುಗಿಸುತ್ತಿದ್ದ. ಪಶ್ಚಿಮಕ್ಕೆ ಹೋದಂತೆಲ್ಲ ಹೀಗೆ ತಿರುಗಿಸುತ್ತಾರಂತೆ. ನೀವೂ ತಿರುಗಿಸಿಕೊಳ್ಳಿ ಎಂದ.

ನನ್ನ ಕೈಗಡಿಯಾರ ಬೀಳ್ಕೊಡುಗೆಯ ದಿನ ಶಾಲೆಯಲ್ಲಿ ಕೊಟ್ಟದ್ದು. ಯಾರೋ ಹೇಳಿದರೆಂದು ಅದರ ಮುಳ್ಳು ತಿರುಗಿಸುವವನು ನಾನಲ್ಲ. ತುಮಕೂರಿನ ಹೊತ್ತನ್ನೇ ಇಟ್ಟುಕೊಂಡೆ. ದ್ವೀಪ ಮುಟ್ಟುವಾಗ ಹಡಗಿನ ಗಡಿಯಾರ ನನ್ನದಕ್ಕಿಂತ ಒಂದೂವರೆ ಗಂಟೆ ಹಿಂದಿತ್ತು. ಹಡಗಿನದೇ ತಪ್ಪು ಎಂದು ನಾನು ನೆಮ್ಮದಿಯಾಗಿದ್ದೆ. ಇದನ್ನು ಇಲ್ಲಿ ಹೇಳಲು ಕಾರಣವಿದೆ, ಮುಂದೆ ಬರುತ್ತದೆ.

ಪೋರ್ಟ್ ಲೂಯಿ

ಬಂದರಿನಲ್ಲಿ ನಂಜಪ್ಪ ಇರಲಿಲ್ಲ. ಪೆಟ್ಟಿಗೆಯ ಮೇಲೆ ಕೂತು ಕಾದೆ. ಬಂದವನು ಹ್ಯಾಟು ಹಾಕಿದ್ದ. ತಲೆಯಲ್ಲಿ ಕೂದಲು ಪೂರ್ತಿ ಇತ್ತು, ಅದೂ ಮುಕ್ಕಾಲು ಕಪ್ಪು.

‘ಏನ್ಲಾ ವೆಂಕ, ಪೂರಾ ಬೋಳಾಗಿದ್ದೀಯಲ್ಲೋ!’

‘ಗಂಟೆ ಎಷ್ಟು ನೋಡ್ಕೊಂಡ್ಯಾ?’ ಎಂದೆ.

‘ಬಂದ್ನಲ್ಲ ಬುಡೋ. ಬಾ, ಬಸ್ಸು ಹೊರಡ್ತದೆ.’

ಬಸ್ಸಿನೊಳಗೆ ಹತ್ತಿದವರೆಲ್ಲ ಅವನಿಗೆ ‘ಬೋಂಜೂರ್ ಮಿಸ್ಯೆ ನಂಜಪಾ’ ಎನ್ನುತ್ತಿದ್ದರು. ಕಬ್ಬು ಕಡಿಯುವವರು, ಚೀನೀ ಅಂಗಡಿಯವನು, ಕೊಡೆ ಹಿಡಿದ ಮುದುಕಿಯರು. ಒಬ್ಬೊಬ್ಬರಿಗೂ ಅವನು ನಿಧಾನವಾಗಿ ಉತ್ತರ ಕೊಡುತ್ತಿದ್ದ, ಅವರು ನಗುತ್ತಿದ್ದರು. ಶಿರಾ ಗೇಟಿನಲ್ಲಿ ನನ್ನನ್ನು ಕಂಡರೆ ಹಳೆಯ ವಿದ್ಯಾರ್ಥಿಗಳು ಬೀಡಿ ಆರಿಸಿ ಪಕ್ಕದ ಓಣಿಗೆ ತಿರುಗುತ್ತಾರೆ. ಅದೂ ಮರ್ಯಾದೆಯೇ ಎಂದು ಅಲ್ಲಿಯವರೆಗೆ ತಿಳಿದಿದ್ದೆ.

ದಾರಿಯಲ್ಲಿ ತುದಿಯ ಮೇಲೆ ದುಂಡು ಬಂಡೆ ಹೊತ್ತ ಒಂದು ಬೆಟ್ಟ ಕಂಡಿತು. ನಮ್ಮ ಹುತ್ರಿದುರ್ಗ ಇದರ ಅಪ್ಪ ಎಂದು ನಂಜಪ್ಪನಿಗೆ ಹೇಳಿದೆ. ನಿಜ ಹೇಳಬೇಕೆಂದರೆ ಈ ಬೆಟ್ಟ ಚೆನ್ನಾಗಿತ್ತು.

ನಂಜಪ್ಪನ ಮನೆ

ತಗಡಿನ ಸೂರು, ಸುತ್ತಲೂ ಕಬ್ಬು. ನಂಜಪ್ಪ ಒಂಟಿಯಾಳು. ಪಕ್ಕದ ಮನೆಯ ಸೆಸಿಲ್ ಎಂಬ ಮುದುಕಿ ಅವನ ಬಟ್ಟೆ ಒಗೆದುಕೊಡುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಕಪ್ಪು ಬಣ್ಣ, ತಲೆಗೊಂದು ಬಿಳಿ ವಸ್ತ್ರ. ಅವಳ ಅಜ್ಜಿ ಗುಲಾಮರ ಕಾಲದವಳಂತೆ. ನಂಜಪ್ಪ ಅವಳನ್ನು ‘ಸೆಸಿಲಮ್ಮ’ ಎನ್ನುತ್ತಿದ್ದ, ಅವಳು ಅದಕ್ಕೆ ಓಗೊಡುತ್ತಿದ್ದಳು.

ನಾನು ಹೋದ ದಿನವೇ ಒಂದು ಬುಟ್ಟಿ ಇಳಿಸಿ, ‘ಲೆಂಜ್ ಫಿನ್ ಲಾವೆ’ ಎಂದಳು.

‘ಬಟ್ಟೆ ಒಗೆದಾಗಿದೆ ಅಂದ್ಲು,’ ನಂಜಪ್ಪ ಹೇಳಿದ. ‘ನೋಡು, ಯಾರು ಒಗೆದ್ರು ಅನ್ನೋ ಮಾತಿಲ್ಲ. ಲಾವೆ ಅಂದ್ರೆ ಒಗಿ ಅಷ್ಟೆ. ಅದಕ್ಕೆ ಬಾಲ ಇಲ್ಲ, ಪಟ್ಟಿತು ಇಲ್ಲ, ಏನೂ ಇಲ್ಲ. ಫ್ರೆಂಚರ ಕರ್ಮಣಿಯನ್ನ ಈ ಜನ ಮುಟ್ಟಲೇ ಇಲ್ಲ ಕಣೋ. ತಮ್ಮದೇ ಮಾಡ್ಕೊಂಡ್ರು.’

ಅವನ ಕಣ್ಣು ಹೊಳೆಯುತ್ತಿತ್ತು. ಪಾಠ ಮಾಡುವಾಗ ನನ್ನ ಕಣ್ಣು ಹಾಗೆ ಹೊಳೆದದ್ದು ನನಗೆ ನೆನಪಿಲ್ಲ.

ಅವನು ಹಸ್ತಪ್ರತಿ ಕೊಟ್ಟ. ನಾನು ಕೆಂಪು ಪೆನ್ಸಿಲ್ಲು ಚೂಪು ಮಾಡಿಕೊಂಡು ಕೂತೆ. ಮೊದಲ ಹಾಳೆಯಲ್ಲೇ ಸೆಸಿಲಳ ಪೂರ್ತಿ ಹೆಸರು, ಅವಳ ತಾಯಿಯ ಹೆಸರು, ಊರು. ‘ಈ ಪುಸ್ತಕದ ಮಾತುಗಳೆಲ್ಲ ಈಕೆಯಿಂದ ಪಡೆದವು’ ಎಂದು ಬರೆದಿದ್ದ. ಅಗಸಗಿತ್ತಿಯ ಹೆಸರನ್ನು ಮೊದಲ ಹಾಳೆಯಲ್ಲಿ ಹಾಕಿದವನು ಗೆಳೆಯನ ಹೆಸರನ್ನು ಎರಡನೆಯದರಲ್ಲಾದರೂ ಹಾಕಿರುತ್ತಾನೆ ಎಂದುಕೊಂಡು ತಿರುಗಿಸಿದೆ. ಇರಲಿಲ್ಲ. ಮೂರರಲ್ಲಿ ಇರಲಿಲ್ಲ. ಆಮೇಲೆ ತಿದ್ದುವುದನ್ನು ಬಿಟ್ಟು ಬರೀ ನನ್ನ ಹೆಸರನ್ನೇ ಹುಡುಕಿದೆ.

ಆರನೆಯ ಅಧ್ಯಾಯದಲ್ಲಿ ಈ ಸಾಲು ಸಿಕ್ಕಿತು: ‘ಕನ್ನಡದಲ್ಲಿಯೂ ಕರ್ಮಣಿಯ ಕೆಲಸವನ್ನು ಆಡುಮಾತಿನಲ್ಲಿ ಏಟು ತಿಂದ, ಬೈಸಿಕೊಂಡ ಎಂಬ ರೂಪಗಳೇ ಮಾಡುತ್ತವೆ ಎಂದು ಹಿಂದೆಯೇ ಗಮನಿಸಲಾಗಿದೆ.’

ಗಮನಿಸಲಾಗಿದೆ! ಗುಬ್ಬಿಯ ಶಾಲೆಯ ಮೇಷ್ಟ್ರ ಕೋಣೆಯಲ್ಲಿ, ಇವನ ಎದುರಿಗೇ ಆ ಮಾತನ್ನು ಹೇಳಿದವನು ನಾನು. ‘ಹೊಡೆಯಲ್ಪಟ್ಟಿತು ಅಂತ ಯಾರೂ ಮಾತಾಡಲ್ಲ, ಹಾವು ಏಟು ತಿಂತು ಅಂತಾರೆ, ನಮ್ಮ ನಿಜವಾದ ಕರ್ಮಣಿ ಅದು’ ಎಂದು ನಾನು ಹೇಳಿದಾಗ ಇವನು ಬಾಯಿ ತೆರೆದುಕೊಂಡು ಕೇಳಿದ್ದ. ಈಗ ಇವನ ಪುಸ್ತಕದ ಬೆನ್ನೆಲುಬೇ ಆ ಮಾತು. ನಾನು ಮಾತ್ರ ಕಾಣೆಯಾಗಿದ್ದೆ.

ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದೆ. ಪೆನ್ಸಿಲ್ಲಿನ ಮೊನೆ ಮುರಿಯಿತು.

ಕಬ್ಬಿನ ಗದ್ದೆಯ ದಾರಿ

ಮಾರನೆಯ ಬೆಳಿಗ್ಗೆ ನನ್ನ ಗಡಿಯಾರದಲ್ಲಿ ಸರಿಯಾಗಿ ಆರಕ್ಕೆ ನಡೆಯಲು ಹೊರಟೆ. ಇನ್ನೂ ಯಾಕೆ ಬೆಳಕಾಗಿಲ್ಲ ಎಂದು ಆಶ್ಚರ್ಯವಾಯಿತು. ಆ ಊರಿಗೆ ಆಗ ನಾಲ್ಕೂವರೆ. ಆ ಹೊತ್ತಿನಲ್ಲಿ ಪಂಚೆ ಉಟ್ಟು, ಕೋಲು ಬೀಸುತ್ತ, ಶಿರಾ ಗೇಟಿನ ವೇಗದಲ್ಲಿ ನಡೆಯುವ ಮನುಷ್ಯನನ್ನು ಅಲ್ಲಿನ ನಾಯಿಗಳು ನೋಡಿರಲಿಲ್ಲ. ಹಳದಿ ಬಣ್ಣದ ಒಂದು ನಾಯಿ ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕಿತು.

ನೀರು ಹಿಡಿಯಲು ಎದ್ದಿದ್ದ ಸೆಸಿಲ್ ಓಡಿಬಂದಳು. ನಾಯಿಗೆ ಬಿಂದಿಗೆಯಿಂದಲೇ ಒಂದು ಕೊಟ್ಟಳು. ನನ್ನ ರಟ್ಟೆ ಹಿಡಿದು ಮನೆಗೆ ತಂದು, ಬಾಗಿಲು ಬಡಿದು ಕೂಗಿದಳು: ‘ಮಿಸ್ಯೆ ವೆಂಕಟಯಾ ಫಿನ್ ಗಾಞ್ ಮೋರ್ದೆ ಆರ್ ಲಿಸ್ಯೆಂ!’

ನಂಜಪ್ಪ ಕಣ್ಣುಜ್ಜಿಕೊಂಡು ಬಂದ. ನನ್ನ ಕಾಲು ನೋಡಿದ. ಒಳಗೆ ಹೋದ. ಟಿಂಚರ್ ತರಲು ಎಂದುಕೊಂಡೆ. ನೋಟ್‌ಬುಕ್ಕು ತಂದ.

‘ಇನ್ನೊಂದ್ಸಲ ಹೇಳು ಸೆಸಿಲಮ್ಮ,’ ಎಂದು ಅವಳ ಭಾಷೆಯಲ್ಲಿ ಕೇಳಿ, ಬರೆದುಕೊಂಡು, ಆಮೇಲೆ ಟಿಂಚರ್ ಹುಡುಕಿದ.

‘ಏನೋ ಅದು?’ ನಾನು ನೋವಿನಲ್ಲಿ ಗದರಿದೆ.

‘ಎಂಥಾ ವಾಕ್ಯ ಕಣೋ! ಗಾಞ್ ಅಂದ್ರೆ ಸಿಕ್ತು, ಪಡೆದ. ಮೋರ್ದೆ ಅಂದ್ರೆ ಕಚ್ಚು. ಆರ್ ಅಂದ್ರೆ ಜೊತೆಗೆ. ಲಿಸ್ಯೆಂ ನಾಯಿ. ವೆಂಕಟಯ್ಯ ನಾಯಿ ಜೊತೆ ಕಚ್ಚು ಪಡೆದ! ನಮ್ಮೂರಲ್ಲಿ ಏನಂತೀವಿ ಹೇಳು?’

‘ನಾಯಿಯಿಂದ ಕಚ್ಚಲ್ಪಟ್ಟನು.’

‘ಥೂ. ಹಂಗೆ ಯಾರಾದ್ರೂ ಅಂತಾರಾ? ನಾಯಿ ಕೈಲಿ ಕಚ್ಚಿಸ್ಕೊಂಡ ಅಂತೀವಿ. ಅವರಿಗೆ ಜೊತೆ, ನಮಗೆ ಕೈ. ಮೇಷ್ಟ್ರ ಕೈಲಿ ಬೈಸ್ಕೊಂಡ, ಪೊಲೀಸ್ರ ಕೈಲಿ ಒದೆ ತಿಂದ. ಒಂದೇ ಕಟ್ಟು ನೋಡು!’

ಅಲ್ಲಿ ನಾಯಿಗೆ ಹುಚ್ಚು ಹಿಡಿಯುವುದಿಲ್ಲವಂತೆ. ಹೊಟ್ಟೆಗೆ ಹಾಕಿಸಿಕೊಳ್ಳಬೇಕಾದ ಇಂಜೆಕ್ಷನ್ನುಗಳು ತಪ್ಪಿದವು. ಕಾಲು ಉರಿಯುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆ. ನನ್ನನ್ನು ಕಚ್ಚಿದ ನಾಯಿಯಿಂದಲೂ ಇವನಿಗೇ ಲಾಭ.

ಮಧ್ಯಾಹ್ನ ಅವನು ನನ್ನ ಕೈಗಡಿಯಾರ ಬಿಚ್ಚಿಸಿಕೊಂಡು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿದ. ನಾನು ಅದನ್ನು ಹಾಗೆಯೇ ಕಟ್ಟಿಕೊಂಡೆ.

ಸೆಸಿಲಳ ಜಗಲಿ

ನಡೆಯಲಾರದೆ ನಾಲ್ಕು ದಿನ ಸೆಸಿಲಳ ಜಗಲಿಯಲ್ಲಿ ಕಾಲು ಚಾಚಿ ಕೂತು ತಿದ್ದಿದೆ. ಅಲ್ಲಿನ ಹೆಂಗಸರು ಬಟ್ಟೆಯನ್ನು ಕಲ್ಲಿಗೆ ಎತ್ತಿ ಬಡಿಯುವ ರೀತಿ ನಮ್ಮ ಅಮಾನಿಕೆರೆಯ ದಂಡೆಯದೇ. ಬಡಿಯುವಾಗ ಮಾತ್ರ ಹಾಡಿನ ಹಾಗೆ ಏನೋ ಗೊಣಗುತ್ತಾರೆ. ಬಂದವರಿಗೆಲ್ಲ ವೆನಿಲಾ ಹಾಕಿದ ಚಹಾ ಕೊಡುತ್ತಾರೆ. ಕಾಫಿ ಕೇಳಿದರೆ ಅಯ್ಯೋ ಪಾಪ ಎಂಬಂತೆ ನೋಡುತ್ತಾರೆ.

ನಂಜಪ್ಪನ ವಾದ ಹೀಗಿತ್ತು. ಈ ‘ಗಾಞ್’ ಫ್ರೆಂಚರ ‘ಗಳಿಸು’ ಎಂಬರ್ಥದ ಮಾತಿನಿಂದ ಬಂದದ್ದು. ಮೊದಮೊದಲು ವಸ್ತುಗಳಿಗೆ ಮಾತ್ರ ಬಳಸುತ್ತಿದ್ದರು: ಅಕ್ಕಿ ಗಾಞ್, ಕೆಲಸ ಗಾಞ್. ಆಮೇಲೆ ಏಟೂ ಒಂದು ವಸ್ತುವಾಯಿತು: ಏಟು ಗಾಞ್. ಅದರ ನಂತರ ಹೆಸರಿನ ಜಾಗಕ್ಕೆ ಕ್ರಿಯೆಯೇ ಬಂತು: ಹೊಡೆ ಗಾಞ್, ಕಚ್ಚು ಗಾಞ್. ಎಲ್ಲಕ್ಕಿಂತ ಕಡೆಗೆ ಬಂದದ್ದು ‘ಆರ್’, ಯಾರಿಂದ ಎಂದು ಹೇಳುವ ಮಾತು.

‘ಕಡೆಗೆ ಯಾಕೆ ಬಂತು? ನಿನ್ನ ಹತ್ತಿರ ಆಧಾರ ಏನಿದೆ?’ ಪರೀಕ್ಷಕನ ಗತ್ತಿನಲ್ಲಿ ಕೇಳಿದೆ.

ನಂಜಪ್ಪ ಸೆಸಿಲಳನ್ನು ಕೇಳಿದ. ಅವಳು ಕೈಯಲ್ಲಿದ್ದ ಅಂಗಿಯನ್ನು ಹಿಂಡುತ್ತಲೇ ಉತ್ತರ ಕೊಟ್ಟಳು. ಅವನು ಹೇಳಿದ:

‘ಅವರಜ್ಜಿ ಬರೀ ಏಟು ಗಾಞ್ ಅಂತಿದ್ಲಂತೆ. ಯಾರ ಕೈಲಿ ಅಂತ ಯಾವತ್ತೂ ಹೇಳ್ತಿರಲಿಲ್ಲವಂತೆ. ದೊರೆ ಹೊಡೆದ ಅಂತ ಬಾಯಿ ಬಿಟ್ಟು ಹೇಳೋ ಹಾಗಿತ್ತಾ ಅಂತ ಕೇಳ್ತಾಳೆ.’ ಆಮೇಲೆ, ‘ಇದು ಒಬ್ಬಳ ಮಾತು, ಪುರಾವೆ ಅಲ್ಲ ಅಂತಲೂ ಬರೆದಿದ್ದೀನಿ,’ ಎಂದ.

ನಾನು ಆ ಪುಟ ತೆಗೆದು ನೋಡಿದೆ. ಬರೆದಿದ್ದ. ಅದರಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಮೂವತ್ತು ವರ್ಷ ಹೊಡೆಯಲ್ಪಟ್ಟಿತು ಎಂದು ಬರೆಸಿದವನಿಗೆ, ಹೊಡೆದವನ ಹೆಸರು ಆ ವಾಕ್ಯದಲ್ಲಿ ಯಾಕೆ ಇರುತ್ತದೆ, ಯಾಕೆ ಇರುವುದಿಲ್ಲ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಬಟ್ಟೆ ಒಗೆಯುವ ಮುದುಕಿಯ ಪಕ್ಕದಲ್ಲಿ ಕೂತು ಇವನು ಕೇಳಿ ತಿಳಿದುಕೊಂಡಿದ್ದ. ಈ ಪುಸ್ತಕ ನನ್ನದಾಗಿರಬೇಕಿತ್ತು ಎಂದು ಅಷ್ಟು ಗಾಢವಾಗಿ ಅನ್ನಿಸಿದ್ದು ಆಗಲೇ.

ಆರನೆಯ ಅಧ್ಯಾಯ

ಐದನೆಯ ದಿನ ಅದೇ ಜಗಲಿಯಲ್ಲಿ ಕೇಳಿಯೇಬಿಟ್ಟೆ.

‘ನಂಜ, ಗಮನಿಸಲಾಗಿದೆ ಅಂತ ಬರೆದಿದ್ದೀಯ. ಯಾರಿಂದ?’

‘ನಿನ್ನಿಂದ.’

‘ಹಾಗಂತ ಎಲ್ಲಿದೆ?’

ಅವನು ನಕ್ಕ. ‘ನೀನೇ ಅಲ್ವೇನೋ ಗುಬ್ಬೀಲಿ ಹೇಳ್ಕೊಟ್ಟಿದ್ದು? ಶಾಲೆಯ ವರದಿ ಬರೆಯೋವಾಗ ಅವನು ಹೇಳಿದ, ಇವನು ನೋಡಿದ ಅಂತ ನಾನು ಹಾಕಿದ್ದಕ್ಕೆ ನೀನು ಕಾಗದಾನೇ ಹರಿದು ಹಾಕ್ದೆ. ಗಂಭೀರ ಬರಹದಲ್ಲಿ ವ್ಯಕ್ತಿಗಳು ತಲೆ ಹಾಕಬಾರದು, ಗಮನಿಸಲಾಗಿದೆ ಅಂತ ಬರಿ ಅಂದೆ. ನಿನ್ನ ಮಾತು ಬರೆಯೋವಾಗ ನಿನ್ನ ನಿಯಮ ಪಾಲಿಸ್ದೆ.’

ಹರಿದು ಹಾಕಿದ್ದು ನಿಜ.

‘ಹೆಸರು ಬೇಕಾ? ಹಾಕ್ಕೊ, ನಂದೇನು ಗಂಟು ಹೋಗ್ತದೆ. ನೀನೇ ಬರಿ,’ ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದ.

ನಾನು ತಡ ಮಾಡಲಿಲ್ಲ. ‘ಹಿಂದೆಯೇ’ ಎಂಬುದರ ಮುಂದೆ ಕಾಕಪಾದ ಹಾಕಿ, ಮೇಲೆ ‘ತುಮಕೂರಿನ ವೆಂ’ ಎಂದು ಬರೆದಿದ್ದೆ. ಅಷ್ಟರಲ್ಲಿ ಸೆಸಿಲ್ ಏನೋ ಕೇಳಿದಳು. ನಾವಿಬ್ಬರೂ ಯಾಕೆ ಕಿತ್ತಾಡುತ್ತಿದ್ದೇವೆ ಎಂದು ನಂಜಪ್ಪ ಅವಳಿಗೆ ವಿವರಿಸಿದ್ದನಂತೆ.

‘ಏನಂತಾಳೆ?’

‘ಆ ಮಾತನ್ನ ನಿಮಗೆ ಯಾರು ಹೇಳಿದ್ರು ಅಂತ ಕೇಳ್ತಾಳೆ.’

‘ಯಾರೂ ಹೇಳಿಲ್ಲ’ ಎನ್ನಲು ಬಾಯಿ ತೆರೆದೆ. ಎದುರಿಗೆ ಹಸ್ತಪ್ರತಿಯ ಮೊದಲ ಹಾಳೆ ಬಿದ್ದಿತ್ತು. ಅವಳ ಹೆಸರು, ಅವಳ ತಾಯಿಯ ಹೆಸರು, ಊರು.

ಗುಬ್ಬಿಯಲ್ಲಿ ನಂಜಪ್ಪ ಮನೆಯಲ್ಲಿ ಉಣ್ಣುತ್ತಿದ್ದ. ನಾನು ಪರವೂರಿನವನು, ಪುಟ್ಟತಾಯಮ್ಮ ಎಂಬಾಕೆಯ ಮೆಸ್ಸಿನಲ್ಲಿ ಉಣ್ಣುತ್ತಿದ್ದೆ. ಒಂದು ಮಧ್ಯಾಹ್ನ ಊಟಕ್ಕೆ ಕಾಯುತ್ತ ಉತ್ತರ ಪತ್ರಿಕೆ ತಿದ್ದುವಾಗ ‘ರಾಮನಿಂದ ಹಾವು ಹೊಡೆಯಲ್ಪಟ್ಟಿತು’ ಎಂದು ಗಟ್ಟಿಯಾಗಿ ಓದಿದೆ. ಮುದ್ದೆ ತಿರುವುತ್ತಿದ್ದ ಪುಟ್ಟತಾಯಮ್ಮ ಕೋಲು ನಿಲ್ಲಿಸಿ ನಕ್ಕಿದ್ದರು. ‘ಇದ್ಯಾವ ಸೀಮೆ ಮಾತು ಮೇಷ್ಟ್ರೇ? ಹಾವು ಏಟು ತಿಂತು ಅನ್ನಿ. ಹುಡುಗ ಬೈಸ್ಕೊಂಡ ಅನ್ನಿ. ಪಟ್ಟಿತು ಪಟ್ಟಿತು ಅಂತ ಯಾವನು ಮಾತಾಡ್ತಾನೆ?’ ಮುದ್ದೆ ತಿಂದೆ, ಮಾತನ್ನೂ ತೆಗೆದುಕೊಂಡು ಹೋದೆ. ಮಾರನೆಯ ದಿನ ಮೇಷ್ಟ್ರ ಕೋಣೆಯಲ್ಲಿ ಅದು ನನ್ನದಾಗಿತ್ತು.

‘ತುಮಕೂರಿನ ವೆಂ’ ಎಂಬುದನ್ನು ರಬ್ಬರಿನಿಂದ ಉಜ್ಜಿದೆ. ಕೆಂಪು ಪೆನ್ಸಿಲ್ಲು ಪೂರ್ತಿ ಹೋಗುವುದಿಲ್ಲ. ಅದರ ಮೇಲೆಯೇ ಬರೆದೆ: ‘ಗುಬ್ಬಿಯಲ್ಲಿ ಊಟದ ಮನೆ ನಡೆಸುವ ಪುಟ್ಟತಾಯಮ್ಮನವರಿಂದ’.

ನಂಜಪ್ಪ ಓದಿ, ನನ್ನ ಮುಖ ನೋಡಿ, ಮತ್ತೆ ಓದಿದ.

‘ಮೆಸ್ಸಿನ ಪುಟ್ಟತಾಯಮ್ಮನೇನೋ?’

ನಡೆದದ್ದನ್ನು ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ತೊಡೆ ತಟ್ಟಿಕೊಂಡು ನಕ್ಕ.

‘ಅಲ್ಲಲೇ, ಇಷ್ಟು ವರ್ಷ ನಿನ್ನ ಮೇಲೆ ಹೊಟ್ಟೆ ಉರ್ಕೊಂಡಿದ್ನಲ್ಲೋ! ವೆಂಕನಿಗೆ ಕೂತಲ್ಲೇ ಹೊಳೀತು, ನಾನು ಸಮುದ್ರ ದಾಟಿ ಒದ್ದಾಡ್ತಾ ಇದೀನಿ ಅಂತ. ಇದನ್ನ ಮೊದಲೇ ಹೇಳಿದ್ರೆ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ.’

ನಂಜಪ್ಪನಿಗೆ ನನ್ನ ಮೇಲೆ ಹೊಟ್ಟೆಕಿಚ್ಚಿತ್ತು ಎಂಬುದು ನನ್ನ ಬದುಕಿನ ಅತ್ಯಂತ ಸಿಹಿ ಸುದ್ದಿ. ಅದು ನನಗೆ ತಿಳಿದದ್ದೂ ಮುಗಿದುಹೋದದ್ದೂ ಒಂದೇ ನಿಮಿಷದಲ್ಲಿ.

ಗುಬ್ಬಿ

ಪುಸ್ತಕ ತುಮಕೂರಿನ ಒಂದು ಪ್ರೆಸ್ಸಿನಲ್ಲಿ ಅಚ್ಚಾಯಿತು. ಕರಡು ನಾನೇ ತಿದ್ದಿದೆ, ದಿನಕ್ಕೆ ಎಂಟು ಪುಟ, ಒಂದು ದಿನವೂ ತಪ್ಪಿಸದೆ. ಒಂದು ಪ್ರತಿ ಹಿಡಿದುಕೊಂಡು ಗುಬ್ಬಿಗೆ ಹೋದೆ. ಪುಟ್ಟತಾಯಮ್ಮನಿಗೆ ಈಗ ಕಣ್ಣು ಮಂದ, ಮೆಸ್ಸು ಸೊಸೆ ನೋಡಿಕೊಳ್ಳುತ್ತಾಳೆ. ಹೆಸರಿದ್ದ ಸಾಲನ್ನು ಓದಿ ಹೇಳಿದೆ. ಸಾಲಿನ ಮೇಲೆ ಬೆರಳಿಡಿಸಿಕೊಂಡು ಮತ್ತೊಂದು ಸಲ ಓದಿಸಿದರು.

‘ನಂಜಪ್ಪ ಮೇಷ್ಟ್ರು ದೊಡ್ಡ ಮನುಷ್ಯ ಕಣ್ರೀ. ನಮ್ಮನೇಲಿ ಒಂದು ತುತ್ತು ಉಂಡೋರಲ್ಲ. ಎಲ್ಲೋ ಸಮುದ್ರದಾಚೆ ಕುಂತು ನನ್ನ ಹೆಸರ ನೆನೆಸ್ಕೊಂಡವ್ರೆ ನೋಡಿ!’ ಎಂದರು. ಸೊಸೆಯನ್ನು ಕರೆದು ಅದನ್ನೇ ಹೇಳಿದರು. ಊಟಕ್ಕೆ ಕೂತಿದ್ದ ನಾಲ್ಕು ಜನರಿಗೂ ಹೇಳಿದರು.

ಬರೆದವನು ನಾನು ಎಂದು ಬಾಯಿ ತುದಿಗೆ ಬಂತು. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಈಗ ಇಲ್ಲಿ ಬರೆದು ಹೇಳಿದ್ದೇನೆ. ಯಾರಾದರೂ ಆಕೆಗೆ ಓದಿ ಹೇಳಿದರೆ ಹೇಳಲಿ.

‘ನಿಮ್ಮ ಹೆಸರ ಹಾಕಿಲ್ವಾ ಮೇಷ್ಟ್ರೇ ಇದರಾಗೆ? ಅಷ್ಟೊಂದು ಗೆಳೆಯರು ನೀವು,’ ಪುಟ್ಟತಾಯಮ್ಮ ಪುಸ್ತಕ ಹಿಂದಿರುಗಿಸುತ್ತ ಕೇಳಿದರು.

‘ಇದೆ. ಒಂದು ಕಡೆ ಇದೆ.’

‘ಏನಂತ?’

‘ವೆಂಕಟಯ್ಯ ನಾಯಿ ಕೈಲಿ ಕಚ್ಚಿಸ್ಕೊಂಡ ಅಂತ.’

ಪುಟ್ಟತಾಯಮ್ಮ ನಗಲಿಲ್ಲ. ಉತ್ತರ ಪತ್ರಿಕೆಯ ಮೇಲೆ ಬಗ್ಗಿದ ನನ್ನ ಹಾಗೆ ಹುಬ್ಬು ಗಂಟಿಕ್ಕಿ ಒಂದು ಗಳಿಗೆ ಯೋಚಿಸಿದರು.

‘ನಾಯಿಗೆಲ್ಲೈತೆ ಮೇಷ್ಟ್ರೇ ಕೈ?’

ಆ ಸಾಲನ್ನು ತಿದ್ದಲೆಂದು ನಾನು ಜೇಬಿನಿಂದ ಪೆನ್ಸಿಲ್ಲು ತೆಗೆದೆ. ಆಮೇಲೆ ಹಾಗೆಯೇ ಒಳಗಿಟ್ಟೆ. ನಂಜಪ್ಪನಿಗೆ ಇದು ತಿಳಿಯಬೇಕಾಗಿಲ್ಲ.